ರಕ್ಷಣಾ ಸಚಿವರ ಹುದ್ದೆಯ ಚರಿತ್ರೆಯನ್ನು ಬರೆಯಲು ಹೊರಟವರಿಗೆ ಒಂದು ಕೈಪಿಡಿ

ಭಾರತದ ರಕ್ಷಣಾ ಸಚಿವರ ಪಟ್ಟಿ ಸ್ಪರ್ಧಾತ್ಮಕ ಪರೀಕ್ಷೆಗಳ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಬಲದೇವ್ ಸಿಂಗ್ ಅವರಿಂದ ರಾಜನಾಥ್ ಸಿಂಗ್ ಅವರವರೆಗೆ ಹೆಸರು, ಪಕ್ಷ, ಅಧಿಕಾರಾವಧಿ ಎಲ್ಲವೂ ಅಲ್ಲಿರುತ್ತವೆ. ಆ ಪಟ್ಟಿಯ ಪ್ರತಿ ಹೆಸರಿನ ಕೆಳಗೆ ಎರಡು ಪ್ಯಾರಾ ಜೀವನಚರಿತ್ರೆ ಸೇರಿಸಿ ‘ರಕ್ಷಣಾ ಸಚಿವ ಹುದ್ದೆಯ ಇತಿಹಾಸ’ ಎಂದು ಪ್ರಕಟಿಸಿದ ಬರಹಗಳನ್ನು ಕನ್ನಡದಲ್ಲಿ ಮತ್ತೆ ಮತ್ತೆ ಓದಿದ್ದೇನೆ. ಅವುಗಳಲ್ಲಿ ಆ ಕುರ್ಚಿಯಲ್ಲಿ ಕುಳಿತವರ ಕಥೆ ಇರುತ್ತದೆ, ಕುರ್ಚಿಯ ಕಥೆ ಇರುವುದಿಲ್ಲ. ಹುದ್ದೆಯ ಚರಿತ್ರೆ ಬರೆಯುವವರು ಒಂದೇ ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಕೇಳುತ್ತಿರಬೇಕು: ಸೇನೆಗೆ ಸಂಬಂಧಿಸಿದ ಒಂದು ಕಡತ ಇಂಥ ವರ್ಷದಲ್ಲಿ ಯಾರ ಮೇಜಿಗೆ ಹೋಗುತ್ತಿತ್ತು, ಅದರ ಮೇಲೆ ಯಾರ ರುಜು ಬಿದ್ದರೆ ಅದು ಸರ್ಕಾರದ ಆದೇಶವಾಗುತ್ತಿತ್ತು? ಈ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡುವ ಬಗೆ ಯಾವುದು, ಆಕರಗಳು ಎಲ್ಲಿ ಸಿಗುತ್ತವೆ, ಎಲ್ಲೆಲ್ಲಿ ಎಡವುವ ಸಾಧ್ಯತೆ ಇದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೂ ಆಸಕ್ತಿಯಿಂದ ಬರೆಯುವ ಇತರರಿಗೂ ಇದು ನೆರವಾಗಬೇಕೆಂಬುದು ನನ್ನ ಆಸೆ.

ಆರಂಭದ ಗೆರೆಯನ್ನು 1947ರಲ್ಲಿ ಎಳೆಯಬೇಡಿ

ಹುದ್ದೆ 1947ರ ಆಗಸ್ಟ್ 15ರಂದು ಹುಟ್ಟಿತು ಎಂದು ಬರೆದುಬಿಡುವುದು ಸುಲಭ. ಹಾಗೆ ಬರೆದರೆ ಆ ಹುದ್ದೆ ಏಕೆ ಅಷ್ಟು ಮಹತ್ವದ್ದಾಯಿತು ಎಂಬುದು ಓದುಗರಿಗೆ ಎಂದಿಗೂ ತಿಳಿಯುವುದಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಕಲ್ಕತ್ತೆಯಲ್ಲಿ 1776ರಲ್ಲಿ ಒಂದು ಸೇನಾ ಇಲಾಖೆಯನ್ನು ಆರಂಭಿಸಿತು. ಸೇನೆಯ ಬಗ್ಗೆ ಬೇರೆ ಬೇರೆ ಇಲಾಖೆಗಳು ಹೊರಡಿಸುತ್ತಿದ್ದ ಆದೇಶಗಳನ್ನು ಹೆಕ್ಕಿ ದಾಖಲಿಸುವುದು ಅದರ ಮುಖ್ಯ ಕೆಲಸವಾಗಿತ್ತು. ಎಂದರೆ ಅದೊಂದು ದಫ್ತರ ಮಾತ್ರ. 1833ರ ಸನ್ನದು ಕಾಯ್ದೆಯ ನಂತರ ಸಚಿವಾಲಯವನ್ನು ನಾಲ್ಕು ಇಲಾಖೆಗಳಾಗಿ ಮರುರೂಪಿಸಿದಾಗ ಸೇನಾ ಇಲಾಖೆಗೆ ಪ್ರತ್ಯೇಕ ಕಾರ್ಯದರ್ಶಿ ಬಂದರು. ಬಂಗಾಳ, ಮದರಾಸು, ಬೊಂಬಾಯಿ ಪ್ರೆಸಿಡೆನ್ಸಿಗಳ ಮೂರು ಸೇನೆಗಳು 1895ರಲ್ಲಿ ಒಂದಾದವು. ಈ ಭಾಗವನ್ನು ನಿಮ್ಮ ಬರಹದಲ್ಲಿ ಒಂದು ಪುಟದಲ್ಲಿ ಮುಗಿಸಬಹುದು.

ಬಿಡುವು ಮಾಡಿಕೊಂಡು ನಿಲ್ಲಬೇಕಾದ ಜಾಗ 1905. ಆಗ ವೈಸ್‌ರಾಯ್ ಅವರ ಕಾರ್ಯಾಂಗ ಮಂಡಳಿಯಲ್ಲಿ ಸೇನೆಯ ವಿಷಯಕ್ಕೆ ಇಬ್ಬರಿದ್ದರು. ಯುದ್ಧ ಮತ್ತು ಕಾರ್ಯಾಚರಣೆಗೆ ಮಹಾದಂಡನಾಯಕರು (ಕಮಾಂಡರ್-ಇನ್-ಚೀಫ್), ಆಡಳಿತ ಮತ್ತು ಹಣಕಾಸಿಗೆ ‘ಸೇನಾ ಸದಸ್ಯ’ ಎಂಬ ಇನ್ನೊಬ್ಬ ಅಧಿಕಾರಿ. ಮಹಾದಂಡನಾಯಕರ ಪ್ರಸ್ತಾವಗಳು ಸೇನಾ ಸದಸ್ಯರ ಮೇಜನ್ನು ದಾಟಿಯೇ ವೈಸ್‌ರಾಯ್ ಬಳಿಗೆ ಹೋಗಬೇಕಿತ್ತು. ದರ್ಜೆಯಲ್ಲಿ ತನಗಿಂತ ಕಿರಿಯನಾದ ಸೇನಾಧಿಕಾರಿ ತನ್ನ ಪ್ರಸ್ತಾವದ ಮೇಲೆ ಟಿಪ್ಪಣಿ ಬರೆಯುವುದನ್ನು ಆಗಿನ ಮಹಾದಂಡನಾಯಕ ಲಾರ್ಡ್ ಕಿಚನರ್ ಒಪ್ಪಲಿಲ್ಲ. ವೈಸ್‌ರಾಯ್ ಲಾರ್ಡ್ ಕರ್ಜನ್ ಆ ವ್ಯವಸ್ಥೆಯನ್ನು ಉಳಿಸಲು ಹೋರಾಡಿದರು, ಲಂಡನ್ನಿನ ಸರ್ಕಾರ ತಮ್ಮ ಕೈಹಿಡಿಯದಿದ್ದಾಗ 1905ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. 1906ರಲ್ಲಿ ಸೇನಾ ಇಲಾಖೆಯನ್ನು ರದ್ದುಪಡಿಸಿ ಎರಡು ಇಲಾಖೆಗಳನ್ನು ಮಾಡಲಾಯಿತು, 1909ರಲ್ಲಿ ಅವೆರಡೂ ಒಂದಾಗಿ ಎಲ್ಲವೂ ಮಹಾದಂಡನಾಯಕರ ಕೈಗೆ ಬಂದವು. ಸೇನೆಯನ್ನು ನಡೆಸುವವರೇ ಸರ್ಕಾರದಲ್ಲಿ ಸೇನೆಯ ಪರವಾಗಿ ಮಾತನಾಡುವವರೂ ಆದರು. ಮುಂದಿನ ಸುಮಾರು ಮೂರೂವರೆ ದಶಕ ನಡೆದದ್ದು ಈ ವ್ಯವಸ್ಥೆಯೇ. ಸ್ವತಂತ್ರ ಭಾರತದ ರಕ್ಷಣಾ ಸಚಿವರ ಹುದ್ದೆ ತುಂಬಿದ್ದು ಆಗ ತೆರವಾದ ಆ ಎರಡನೆಯ ಮೇಜನ್ನು. ಹಾಗಾಗಿ ಈ ಪ್ರಸಂಗವನ್ನು ಬಿಟ್ಟ ಚರಿತ್ರೆ ನನ್ನ ದೃಷ್ಟಿಯಲ್ಲಿ ಅರ್ಧ ಚರಿತ್ರೆ.

ಆಮೇಲಿನ ಮೂರು ದಿನಾಂಕಗಳನ್ನು ಗುರುತು ಮಾಡಿಕೊಳ್ಳಿ. ಹೀಗೆ ಒಂದಾಗಿ ಉಳಿದ ಸೈನ್ಯ ಇಲಾಖೆಗೆ 1938ರ ಜನವರಿಯಲ್ಲಿ ‘ರಕ್ಷಣಾ ಇಲಾಖೆ’ ಎಂಬ ಹೆಸರು ಬಂತು. 1942ರ ಮಾರ್ಚ್‌ನಲ್ಲಿ ಬ್ರಿಟಿಷ್ ಸರ್ಕಾರ ಕಳಿಸಿದ ಕ್ರಿಪ್ಸ್ ನಿಯೋಗದ ಮಾತುಕತೆ ಮುರಿದುಬೀಳಲು ದೊಡ್ಡ ಕಾರಣಗಳಲ್ಲಿ ಒಂದು, ಯುದ್ಧಕಾಲದಲ್ಲಿ ಭಾರತೀಯ ರಕ್ಷಣಾ ಸದಸ್ಯರ ಕೈಗೆ ನಿಜವಾಗಿ ಯಾವ ಅಧಿಕಾರಗಳು ಬರುತ್ತವೆ ಎಂಬ ಪ್ರಶ್ನೆ. ಬ್ರಿಟಿಷರು ಬಿಟ್ಟುಕೊಡಲು ಒಪ್ಪಿದ್ದ ವಿಷಯಗಳು ಅತಿ ಕ್ಷುಲ್ಲಕವೆಂದು ಕಾಂಗ್ರೆಸ್ ಆಕ್ಷೇಪಿಸಿತು. 1946ರ ಸೆಪ್ಟೆಂಬರ್ 2ರಂದು ಮಧ್ಯಂತರ ಸರ್ಕಾರ ಅಧಿಕಾರಕ್ಕೆ ಬಂದಾಗ ಸರ್ದಾರ್ ಬಲದೇವ್ ಸಿಂಗ್ ರಕ್ಷಣಾ ಸದಸ್ಯರಾದರು. ಅಲ್ಲಿಯವರೆಗೆ ಮಂಡಳಿಯಲ್ಲಿ ಕುಳಿತಿದ್ದ ಮಹಾದಂಡನಾಯಕ ಆಕಿನ್‌ಲೆಕ್ ಇನ್ನು ಮುಂದೆ ಸಂಪುಟದ ಹೊರಗಿನವರಾದರು. ಹುದ್ದೆಯ ಜನ್ಮದಿನವನ್ನು ಬರೆಯಲೇಬೇಕೆಂದಿದ್ದರೆ ನಾನು ಈ ದಿನವನ್ನು ಬರೆಯುತ್ತೇನೆ. 1947ರ ಆಗಸ್ಟ್ 15ರಂದು ಅದು ಸಂಸತ್ತಿಗೆ ಉತ್ತರ ಕೊಡಬೇಕಾದ ಸಚಿವಾಲಯವಾಯಿತು.

ಅಧಿಕಾರದ ಈ ಸ್ಥಳಾಂತರ ಕಟ್ಟಡಗಳಲ್ಲಿಯೂ ಕಾಣುತ್ತದೆ. ದೆಹಲಿಯಲ್ಲಿ ಮಹಾದಂಡನಾಯಕರಿಗಾಗಿ ಕಟ್ಟಿಸಿದ್ದ ಫ್ಲ್ಯಾಗ್‌ಸ್ಟಾಫ್ ಹೌಸ್ ಎಂಬ ಭವ್ಯ ನಿವಾಸ 1948ರಿಂದ ಪ್ರಧಾನಿ ಜವಾಹರಲಾಲ್ ನೆಹರೂ ಅವರ ಮನೆಯಾಯಿತು. ಅದೇ ತೀನ್ ಮೂರ್ತಿ ಭವನ. ಕೃಷ್ಣ ಮೆನನ್ ಅವರ ಪತ್ರಸಂಗ್ರಹವೂ ಸೇರಿ ಈ ಕಾಲದ ಅನೇಕ ಖಾಸಗಿ ಕಾಗದಪತ್ರಗಳು ಇಂದು ಅದೇ ಆವರಣದ ಗ್ರಂಥಾಲಯದಲ್ಲಿವೆ. ಮಹಾದಂಡನಾಯಕರ ಅಂಗಳದಲ್ಲಿ ಕುಳಿತು ರಕ್ಷಣಾ ಸಚಿವರ ಪತ್ರಗಳನ್ನು ಓದುವ ಅವಕಾಶ ಸಿಕ್ಕಿದರೆ ಅದನ್ನು ಕಳೆದುಕೊಳ್ಳಬೇಡಿ. 1955ರಲ್ಲಿ ‘ಕಮಾಂಡರ್-ಇನ್-ಚೀಫ್’ ಎಂಬ ಪದನಾಮವೇ ಹೋಗಿ, ಮೂರೂ ಪಡೆಗಳಿಗೆ ತಮ್ಮ ತಮ್ಮ ‘ಮುಖ್ಯಸ್ಥರು’ ಬಂದರು.

ನಿಯಮಗಳನ್ನು ಮೊದಲು ಓದಿ, ಆತ್ಮಕಥೆಗಳನ್ನು ಆಮೇಲೆ

ನಮ್ಮಲ್ಲಿ ಬಹುತೇಕರು ನಿವೃತ್ತ ಜನರಲ್‌ಗಳ ಅಥವಾ ಅಧಿಕಾರಿಗಳ ಆತ್ಮಕಥೆಯಿಂದ ಓದು ಆರಂಭಿಸುತ್ತಾರೆ. ಅವು ರಸವತ್ತಾಗಿರುವುದು ನಿಜ. ಆದರೆ ಹುದ್ದೆಗೆ ಇದ್ದ ಅಧಿಕಾರ ಎಷ್ಟು ಎಂಬುದು ಗೊತ್ತಿಲ್ಲದೆ ಅವುಗಳನ್ನು ಓದಿದರೆ, ಬರೆದವರ ಕೋಪವೇ ನಮ್ಮ ಅಭಿಪ್ರಾಯವಾಗಿಬಿಡುತ್ತದೆ. ಆದ್ದರಿಂದ ಮೊದಲು ಸಂವಿಧಾನದ 53ನೆಯ ವಿಧಿಯನ್ನು ಓದಿಕೊಳ್ಳಿ: ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯವರದು, ಅದರ ಚಲಾವಣೆ ಕಾನೂನಿನಂತೆ ನಡೆಯಬೇಕು. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯ ಮೊಟ್ಟಮೊದಲ ನಮೂದು ಭಾರತದ ಹಾಗೂ ಅದರ ಪ್ರತಿಯೊಂದು ಭಾಗದ ರಕ್ಷಣೆಗೆ ಸಂಬಂಧಿಸಿದ್ದು. ರಕ್ಷಣಾ ಸಚಿವರ ಹೆಸರು ಸಂವಿಧಾನದಲ್ಲಿ ಎಲ್ಲಿಯೂ ಬರುವುದಿಲ್ಲ. ಹಾಗಾದರೆ ಅವರ ಅಧಿಕಾರ ಎಲ್ಲಿಂದ ಬಂತು?

ಅದಕ್ಕೆ ಉತ್ತರ 77ನೆಯ ವಿಧಿಯಡಿ 1961ರಲ್ಲಿ ಹೊರಡಿಸಿದ ಎರಡು ನಿಯಮಾವಳಿಗಳಲ್ಲಿದೆ. ಯಾವ ಕೆಲಸ ಯಾವ ಇಲಾಖೆಯದು ಎಂದು ಒಂದು ನಿಯಮಾವಳಿ ಹಂಚುತ್ತದೆ. ಆ ಕೆಲಸವನ್ನು ವಿಲೇವಾರಿ ಮಾಡುವುದು ಹೇಗೆ, ಯಾವುದು ಸಂಪುಟಕ್ಕೆ ಹೋಗಬೇಕು ಎಂಬುದನ್ನು ಇನ್ನೊಂದು ಹೇಳುತ್ತದೆ. ಇಲಾಖೆಗೆ ಹಂಚಿದ ಕೆಲಸವೆಲ್ಲ ಅದರ ಹೊಣೆ ಹೊತ್ತ ಸಚಿವರಿಂದ ಅಥವಾ ಅವರ ಸಾಮಾನ್ಯ ನಿರ್ದೇಶನದಂತೆ ನಡೆಯಬೇಕು, ಇಲಾಖೆಯ ಆಡಳಿತಾತ್ಮಕ ಮುಖ್ಯಸ್ಥರು ಕಾರ್ಯದರ್ಶಿಗಳು ಎಂಬ ಎರಡು ಮಾತುಗಳಲ್ಲಿ ಸಚಿವರ ಬಲವೂ ಇದೆ, ಮಿತಿಯೂ ಇದೆ. ಈ ನಿಯಮಾವಳಿಗೆ ಕಾಲಕಾಲಕ್ಕೆ ಬಂದ ತಿದ್ದುಪಡಿಗಳನ್ನು ರಾಜ್ಯಪತ್ರದಲ್ಲಿ ಹುಡುಕಿ, ವರ್ಷದ ಕ್ರಮದಲ್ಲಿ ಒಂದರ ಕೆಳಗೊಂದು ಬರೆದುಕೊಳ್ಳಿ. ಕೆಲಸ ಬೇಸರ ತರಿಸುವಂಥದ್ದು. ಆದರೆ ಹುದ್ದೆಯ ಚರಿತ್ರೆಗೆ ಬೆನ್ನೆಲುಬು ಸಿಗುವುದು ಇಲ್ಲಿಯೇ: ರಕ್ಷಣಾ ಉತ್ಪಾದನಾ ಇಲಾಖೆ 1962ರ ನವೆಂಬರ್‌ನಲ್ಲಿ, ರಕ್ಷಣಾ ಸರಬರಾಜು ಇಲಾಖೆ 1965ರ ನವೆಂಬರ್‌ನಲ್ಲಿ, ಸಂಶೋಧನೆಯ ಇಲಾಖೆ 1980ರಲ್ಲಿ, ಮಾಜಿ ಸೈನಿಕರ ಕಲ್ಯಾಣದ ಇಲಾಖೆ 2004ರಲ್ಲಿ ಬಂದವು. ಮೊದಲೆರಡು ಇಲಾಖೆಗಳು ಎರಡು ಯುದ್ಧಗಳ ಬೆನ್ನಿಗೇ ಹುಟ್ಟಿದವು ಎಂಬುದನ್ನು ನಿಮ್ಮ ಓದುಗರು ಹೇಳದೆಯೇ ಗಮನಿಸುತ್ತಾರೆ.

ದಿನಾಂಕಗಳ ಪಟ್ಟಿಯನ್ನು ನೀವೇ ಕಟ್ಟಿ

ಸಿದ್ಧ ಪಟ್ಟಿಯನ್ನು ನಕಲು ಮಾಡಬೇಡಿ. ಒಂದು ದೊಡ್ಡ ನೋಟ್‌ಬುಕ್ಕಿನಲ್ಲಿ ಅಥವಾ ಎಕ್ಸೆಲ್ ಹಾಳೆಯಲ್ಲಿ ಸಚಿವರ ಹೆಸರು, ಪ್ರಮಾಣವಚನದ ದಿನ, ಖಾತೆ ಹಂಚಿಕೆಯ ದಿನ, ಆ ಅವಧಿಯಲ್ಲಿ ಅವರ ಜೊತೆಗಿದ್ದ ರಾಜ್ಯ ಸಚಿವರು, ಆಗಿನ ಪ್ರಧಾನಿ ಎಂದು ಬೇರೆ ಬೇರೆ ಕಂಬಸಾಲು ಮಾಡಿಕೊಳ್ಳಿ. ನೇಮಕದ ನಿರ್ಧಾರ ಪ್ರಕಟವಾದ ದಿನ ಒಂದಿರುತ್ತದೆ, ಪ್ರಮಾಣವಚನದ ದಿನ ಇನ್ನೊಂದಿರುತ್ತದೆ. ಪಟ್ಟಿಗಳು ಒಮ್ಮೆ ಇದನ್ನು, ಒಮ್ಮೆ ಅದನ್ನು ಹಿಡಿಯುವುದರಿಂದಲೇ ಒಂದಕ್ಕೊಂದು ಹೊಂದುವುದಿಲ್ಲ.

1962ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳನ್ನೇ ಅಭ್ಯಾಸಕ್ಕೆ ತೆಗೆದುಕೊಳ್ಳಿ. ಅಕ್ಟೋಬರ್ 20ರಂದು ಚೀನಾದ ದಾಳಿ ಆರಂಭವಾಯಿತು. ಅಕ್ಟೋಬರ್ ಕೊನೆಯ ದಿನ ವಿ. ಕೆ. ಕೃಷ್ಣ ಮೆನನ್ ಅವರಿಂದ ರಕ್ಷಣಾ ಖಾತೆ ಹೋಯಿತು ಎಂದು ಎಲ್ಲ ಪಟ್ಟಿಗಳೂ ಹೇಳುತ್ತವೆ, ಆದರೆ ಅಂದು ಅವರು ಸಂಪುಟವನ್ನು ಬಿಡಲಿಲ್ಲ. ಅವರಿಗೆ ರಕ್ಷಣಾ ಉತ್ಪಾದನೆಯ ಖಾತೆ ಕೊಡಲಾಯಿತು. ಸುಮಾರು ಒಂದು ವಾರದ ನಂತರ, ಸ್ವಪಕ್ಷದ ಸಂಸದರ ಒತ್ತಡ ತಡೆಯಲಾರದಷ್ಟಾದಾಗ, ಅವರು ಸರ್ಕಾರದಿಂದಲೇ ಹೊರಬಂದರು. ಈ ನಡುವೆ ರಕ್ಷಣಾ ಖಾತೆಯನ್ನು ನೆಹರೂ ನೋಡಿಕೊಂಡರು. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಯಶವಂತರಾವ್ ಚವಾಣ್ ಅವರನ್ನು ಕರೆಸಿ ನವೆಂಬರ್ 21ರಂದು ಪ್ರಮಾಣವಚನ ಬೋಧಿಸಲಾಯಿತು. ಚೀನಾ ಏಕಪಕ್ಷೀಯವಾಗಿ ಕದನವಿರಾಮ ಘೋಷಿಸಿದ ದಿನವೂ ಅದೇ. ‘ಮೆನನ್: 1957–1962, ಚವಾಣ್: 1962–1966’ ಎಂಬ ಒಂದು ಸಾಲಿನೊಳಗೆ ಇಷ್ಟೆಲ್ಲ ಮುಚ್ಚಿಹೋಗಿರುತ್ತದೆ. ಯುದ್ಧದ ನಡುವೆ ಈ ದೇಶಕ್ಕೆ ಪ್ರತ್ಯೇಕ ರಕ್ಷಣಾ ಸಚಿವರೇ ಇಲ್ಲದ ವಾರಗಳಿದ್ದವು ಎಂಬುದು ಪಟ್ಟಿಯನ್ನು ಸ್ವತಃ ಕಟ್ಟಿದವರಿಗೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಪ್ರಧಾನಿಗಳೇ ಈ ಖಾತೆಯನ್ನು ಇಟ್ಟುಕೊಂಡ ಅವಧಿಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ನೆಹರೂ ಮೂರು ಬಾರಿ, ಇಂದಿರಾ ಗಾಂಧಿ 1975ರಲ್ಲಿ ಅಲ್ಪಕಾಲ ಹಾಗೂ 1980ರಿಂದ 1982ರವರೆಗೆ, ರಾಜೀವ್ ಗಾಂಧಿ 1985ರಿಂದ 1987ರ ಆರಂಭದವರೆಗೆ, ಆಮೇಲೆ ವಿ. ಪಿ. ಸಿಂಗ್ ಮತ್ತು ಚಂದ್ರಶೇಖರ್, ಪಿ. ವಿ. ನರಸಿಂಹ ರಾವ್ 1993ರಿಂದ 1996ರವರೆಗೆ ಇದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರು. ಇಂಥ ಕಾಲದಲ್ಲಿ ದಿನನಿತ್ಯದ ಕಡತಗಳು ಬಹುಮಟ್ಟಿಗೆ ರಾಜ್ಯ ಸಚಿವರ ಮೇಜಿಗೆ ಹೋಗುತ್ತಿದ್ದವು. ಆದ್ದರಿಂದ ರಾಜೀವ್ ಗಾಂಧಿ ಕಾಲದ ಚರಿತ್ರೆಗೆ ಅರುಣ್ ಸಿಂಗ್ ಅವರನ್ನು ಬಿಡುವಂತಿಲ್ಲ. ವಿ. ಪಿ. ಸಿಂಗ್ ಅವರ ಕಾಲದಲ್ಲಿ, 1990ರಲ್ಲಿ, ಈ ಜಾಗದಲ್ಲಿದ್ದವರು ತುಮಕೂರಿನಲ್ಲಿ ಹುಟ್ಟಿದ ಅಣುವಿಜ್ಞಾನಿ ರಾಜಾ ರಾಮಣ್ಣ. ಅವರನ್ನು ವಿಜ್ಞಾನಿ ಎಂದೂ ಸಂಗೀತಪ್ರೇಮಿ ಎಂದೂ ಬಲ್ಲ ಕನ್ನಡಿಗರಲ್ಲಿ ಅವರು ರಕ್ಷಣಾ ಖಾತೆಯ ರಾಜ್ಯ ಸಚಿವರಾಗಿದ್ದರೆಂಬುದನ್ನು ಬಲ್ಲವರು ಕಡಿಮೆ. ಕನ್ನಡದಲ್ಲಿ ಬರೆಯುವಾಗ ‘ರಾಜ್ಯ ಸಚಿವ’ ಎಂಬ ಮಾತನ್ನು ಮೊದಲ ಸಲ ಬಳಸುವಲ್ಲಿಯೇ ಅದು ಕೇಂದ್ರ ಮಂತ್ರಿಮಂಡಲದ ಒಂದು ದರ್ಜೆ, ರಾಜ್ಯ ಸರ್ಕಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಒಂದು ವಾಕ್ಯದಲ್ಲಿ ತಿಳಿಸಿಬಿಡಿ.

ಮಾತಿನ ವಿಷಯ ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ನಿರ್ಮಲಾ ಸೀತಾರಾಮನ್ 2017ರ ಸೆಪ್ಟೆಂಬರ್‌ನಲ್ಲಿ ಅಧಿಕಾರ ವಹಿಸಿಕೊಂಡಾಗ ‘ಮೊದಲ ಮಹಿಳಾ ರಕ್ಷಣಾ ಸಚಿವೆ’ ಎಂದು ಬರೆದವರನ್ನು, ಇಂದಿರಾ ಗಾಂಧಿ ಈ ಖಾತೆ ಹೊಂದಿದ್ದರೆಂದು ಬಲ್ಲವರು ತಿದ್ದಿದರು. ಆಗ ಬಂದ ತಿದ್ದುಪಡಿ ‘ಮೊದಲ ಪೂರ್ಣಾವಧಿ ಸಚಿವೆ’ ಎಂಬುದು. ಅವಧಿ ಎಂದರೆ ಕಾಲಮಿತಿ. ಅವರು 2019ರ ಮೇವರೆಗೆ, ಎರಡು ವರ್ಷಕ್ಕೂ ಕಡಿಮೆ ಕಾಲ ಆ ಹುದ್ದೆಯಲ್ಲಿದ್ದರು. ಪ್ರಧಾನಿ ಹುದ್ದೆಯ ಜೊತೆಗಲ್ಲದೆ ಈ ಖಾತೆಯನ್ನೇ ಮುಖ್ಯ ಹೊಣೆಯಾಗಿ ಹೊತ್ತ ಮೊದಲ ಮಹಿಳೆ ಎಂದು ಬಿಡಿಸಿ ಬರೆಯುವುದೇ ಸರಿ. ಆಗ ಅವರು ಕರ್ನಾಟಕದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರಾಗಿದ್ದರು ಎಂಬ ಸಂಗತಿಯನ್ನೂ ಜೊತೆಗೆ ನಮೂದಿಸಬಹುದು.

ಒಂದು ದಿನವನ್ನು ಹತ್ತಿರದಿಂದ ನೋಡಿ

ಬೆನ್ನೆಲುಬು ಸಿದ್ಧವಾದ ಮೇಲೆ ಮಾಂಸ ತುಂಬುವ ಕೆಲಸ. ಅದಕ್ಕೆ ನಾನು ಅನುಸರಿಸುವ ದಾರಿಯೆಂದರೆ, ಪ್ರತಿ ಕಾಲಘಟ್ಟಕ್ಕೂ ಒಂದು ದಿನವನ್ನು ಆರಿಸಿಕೊಂಡು ಅಂದು ಹುದ್ದೆ ಹೇಗೆ ಕೆಲಸ ಮಾಡಿತು ಎಂಬುದನ್ನು ಸಿಕ್ಕಷ್ಟು ವಿವರದಲ್ಲಿ ಕಟ್ಟುವುದು.

1965ರ ಸೆಪ್ಟೆಂಬರ್ 1 ಅಂಥ ದಿನ. ಅಂದು ಬೆಳಗ್ಗೆ ಜಮ್ಮುವಿನ ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ್ದವು. ಸಂಜೆಯ ಹೊತ್ತಿಗೆ ಭೂಸೇನಾ ಮುಖ್ಯಸ್ಥ ಜನರಲ್ ಜೆ. ಎನ್. ಚೌಧುರಿ ಮತ್ತು ವಾಯುಸೇನಾ ಮುಖ್ಯಸ್ಥ ಅರ್ಜನ್ ಸಿಂಗ್ ದೆಹಲಿಯಲ್ಲಿ ಚವಾಣ್ ಅವರ ಮುಂದಿದ್ದರು. ವಿಮಾನಗಳನ್ನು ಕಳಿಸಲು ಅನುಮತಿ ಬೇಕಿತ್ತು, ಬೆಳಕು ಆರುವ ಮುನ್ನ ಬೇಕಿತ್ತು. ಸಂಪುಟ ಸಮಿತಿಯ ಸಭೆಗಾಗಿ ಕಾಯದೆ ಚವಾಣ್ ಅನುಮತಿ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಪಠಾಣ್‌ಕೋಟ್‌ನಿಂದ ವ್ಯಾಂಪೈರ್ ವಿಮಾನಗಳು ಮೇಲೇರಿದವು. ಅಂದು ಸಂಜೆ ನಾಲ್ಕು ವ್ಯಾಂಪೈರ್‌ಗಳು ನಷ್ಟವಾದವು ಎಂಬುದನ್ನೂ ಬರೆಯಲೇಬೇಕು. ನಿರ್ಧಾರದ ವೇಗದ ಜೊತೆಗೆ ಅದರ ಬೆಲೆಯೂ ಚರಿತ್ರೆಗೆ ಸೇರಿದ್ದು. ಮೂರೇ ವರ್ಷಗಳ ಹಿಂದೆ, 1962ರಲ್ಲಿ, ದಾಳಿಗೆ ವಾಯುಸೇನೆಯನ್ನು ಬಳಸಲೇ ಇಲ್ಲ. ಆ ಎರಡು ದಿನಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ, ಸಚಿವರ ಮೇಜು ಮತ್ತು ಸೇನಾ ಮುಖ್ಯಸ್ಥರ ನಡುವಿನ ದೂರ ಎಷ್ಟು ಕಡಿಮೆಯಾಗಿತ್ತು ಎಂಬುದು ತಿಳಿಯುತ್ತದೆ. ಚವಾಣ್ ಮೂರೂ ಮುಖ್ಯಸ್ಥರನ್ನೂ ರಕ್ಷಣಾ ಕಾರ್ಯದರ್ಶಿಯನ್ನೂ ಪ್ರತಿ ಬೆಳಗ್ಗೆ ಒಟ್ಟಿಗೆ ಕೂರಿಸಿ ಮಾತನಾಡುವ ಪದ್ಧತಿ ಇಟ್ಟುಕೊಂಡಿದ್ದರು. ಯುದ್ಧದ ದಿನಗಳಲ್ಲಿ ಅವರು ದಿನಚರಿಯನ್ನೂ ಬರೆದಿಟ್ಟರು. ಯಾವ ನಿಯಮಾವಳಿಯಲ್ಲೂ ಕಾಣದ ಇಂಥ ರೂಢಿಗಳು ಹುದ್ದೆಯನ್ನು ರೂಪಿಸುವ ಪರಿ ದೊಡ್ಡದು.

ಎರಡನೆಯ ದಿನ 1959ರ ಆಗಸ್ಟ್ 31. ಅಂದು ಭೂಸೇನಾ ಮುಖ್ಯಸ್ಥ ಜನರಲ್ ಕೆ. ಎಸ್. ತಿಮ್ಮಯ್ಯ ರಾಜೀನಾಮೆ ಸಲ್ಲಿಸಿದರು. ಸಚಿವ ಮೆನನ್ ಅವರೊಂದಿಗೆ ಕೆಲಸ ಮಾಡುವುದು ಅವರಿಗೆ ಅಸಾಧ್ಯವಾಗಿತ್ತು, ಹಿರಿಯ ಅಧಿಕಾರಿಗಳ ಬಡ್ತಿಯ ವಿಷಯದ ಭಿನ್ನಾಭಿಪ್ರಾಯವೂ ಅದರಲ್ಲಿ ಸೇರಿತ್ತು. ನೆಹರೂ ಅವರ ಮಾತಿಗೆ ಕಟ್ಟುಬಿದ್ದು ತಿಮ್ಮಯ್ಯ ರಾಜೀನಾಮೆಯನ್ನು ಹಿಂತೆಗೆದುಕೊಂಡರು. ಸೆಪ್ಟೆಂಬರ್ 2ರಂದು ನೆಹರೂ ಲೋಕಸಭೆಯಲ್ಲಿ ಮಾತನಾಡುತ್ತ ಸೇನೆಯ ಮೇಲೆ ನಾಗರಿಕ ಸರ್ಕಾರದ ಹಿಡಿತವೇ ಅಂತಿಮ ಎಂಬ ತತ್ತ್ವವನ್ನು ಎತ್ತಿಹಿಡಿದರು, ತಿಮ್ಮಯ್ಯ ಅವರ ನಡೆಯನ್ನು ಟೀಕಿಸಿದರು. ಕೊಡಗಿನ ಈ ಸೇನಾನಿಯ ಮೇಲೆ ನಮಗೆಲ್ಲ ಅಭಿಮಾನವಿದೆ, ಮಡಿಕೇರಿಯ ಅವರ ಹುಟ್ಟುಮನೆ ‘ಸನ್ನಿ ಸೈಡ್’ ಇಂದು ವಸ್ತುಸಂಗ್ರಹಾಲಯವಾಗಿರುವುದು ಸಂತೋಷದ ಸಂಗತಿ. ಆದರೆ ಅಭಿಮಾನದಿಂದಲೇ ಬರೆದರೆ ಮೆನನ್ ಖಳನಾಯಕರಾಗುತ್ತಾರೆ, ಹುದ್ದೆ ಮರೆಯಾಗುತ್ತದೆ. ಇಲ್ಲಿ ಕೇಳಬೇಕಾದದ್ದು ಬೇರೆ: ಬಡ್ತಿಯ ಕಡತದಲ್ಲಿ ಮುಖ್ಯಸ್ಥರ ಶಿಫಾರಸಿಗೆ ಎಷ್ಟು ತೂಕ, ಸಚಿವರ ರುಜುವಿಗೆ ಎಷ್ಟು ತೂಕ? ಮುಖ್ಯಸ್ಥರು ಸಚಿವರನ್ನು ದಾಟಿ ನೇರವಾಗಿ ಪ್ರಧಾನಿಯ ಬಳಿಗೆ ಹೋಗುವ ಬಾಗಿಲು ಆಗ ತೆರೆದಿತ್ತೇ? ತಿಮ್ಮಯ್ಯ ಆ ಬಾಗಿಲನ್ನು ತಟ್ಟಿದ್ದರು ಎಂಬ ಸಂಗತಿಯೇ ಸಚಿವರ ಹುದ್ದೆಯ ಮಿತಿಯನ್ನು ತೋರಿಸುವ ಸಾಕ್ಷ್ಯ.

ಮೂರನೆಯದು ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಜಾರ್ಜ್ ಫರ್ನಾಂಡಿಸ್ ಅವರ ಕಾಲದ್ದು. ಸಿಯಾಚಿನ್ ಹಿಮನದಿಗೆ ಬೇಕಾದ ಸ್ನೋ ಸ್ಕೂಟರ್‌ಗಳ ಖರೀದಿಯ ಕಡತ ಸಚಿವಾಲಯದ ಅಧಿಕಾರಿಗಳ ಮೇಜಿನಲ್ಲಿ ತಡೆದು ನಿಂತಿತ್ತು. ಅದನ್ನು ತಿಳಿದ ಫರ್ನಾಂಡಿಸ್ ಆ ಅಧಿಕಾರಿಗಳನ್ನೇ ಸಿಯಾಚಿನ್‌ಗೆ ಹೋಗಿ ಬರುವಂತೆ ಆದೇಶಿಸಿದರು. ಈ ಪ್ರಸಂಗವನ್ನು ಪತ್ರಿಕೆಗಳು ಸಚಿವರ ಸರಳತೆ, ಸೈನಿಕರ ಮೇಲಿನ ಪ್ರೀತಿ ಎಂದು ಹೇಳಿ ಮುಗಿಸಿದವು. ಆ ಪ್ರೀತಿ ನಿಜವಾದದ್ದೇ, ಅವರು ಸಿಯಾಚಿನ್‌ಗೆ ಮತ್ತೆ ಮತ್ತೆ ಹೋಗಿ ಬಂದದ್ದು ಅದಕ್ಕೆ ಸಾಕ್ಷಿ. ಚರಿತ್ರೆ ಬರೆಯುವವರಿಗೆ ಅದರಲ್ಲಿ ಕಾಣಬೇಕಾದದ್ದು ಇನ್ನೂ ಒಂದಿದೆ: ಹಿಮದ ಮೇಲಿನ ಸೈನಿಕರ ಅಗತ್ಯಕ್ಕೂ ಸಚಿವರ ರುಜುವಿಗೂ ನಡುವೆ ಎಷ್ಟು ಮೇಜುಗಳಿದ್ದವು ಎಂಬುದು.

ಆಕರಗಳನ್ನು ಹುಡುಕುವ ಕ್ರಮ

ಮನೆಯಲ್ಲಿ ಕುಳಿತೇ ಸಿಗುವ ಅತ್ಯಂತ ಸಮೃದ್ಧ ಆಕರ ಸಂಸತ್ತಿನ ನಡಾವಳಿ. ಲೋಕಸಭೆ ಮತ್ತು ರಾಜ್ಯಸಭೆಯ ಹಳೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ಸಿಗುತ್ತವೆ. ರಕ್ಷಣಾ ಸಚಿವಾಲಯದ ಅನುದಾನ ಬೇಡಿಕೆಯ ಮೇಲಿನ ಚರ್ಚೆಯನ್ನು ವರ್ಷ ವರ್ಷವೂ ಓದಿ, ಆಮೇಲೆ ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಬನ್ನಿ. ಮೂಲ ಉತ್ತರವನ್ನು ಅಧಿಕಾರಿಗಳು ಸಿದ್ಧಪಡಿಸಿರುತ್ತಾರೆ. ಆಮೇಲೆ ಬರುವ ಉಪಪ್ರಶ್ನೆಗಳಿಗೆ ಸಚಿವರು ನಿಂತಲ್ಲೇ ಉತ್ತರಿಸಬೇಕಾಗುವುದರಿಂದ, ಅವರಿಗೆ ತಮ್ಮ ಖಾತೆಯ ಮೇಲೆ ಎಷ್ಟು ಹಿಡಿತವಿತ್ತು ಎಂಬುದು ಅಲ್ಲಿ ಬಯಲಾಗುತ್ತದೆ. 1993ರಿಂದೀಚೆಗೆ ರಕ್ಷಣೆಯ ಸ್ಥಾಯಿ ಸಮಿತಿಯ ವರದಿಗಳೂ ಇವೆ. ಸಮಿತಿಯ ಶಿಫಾರಸು ಒಂದು ವರದಿಯಲ್ಲಿ, ಅದಕ್ಕೆ ಸರ್ಕಾರದ ಪ್ರತಿಕ್ರಿಯೆ ಮುಂದಿನ ವರದಿಯಲ್ಲಿ ಇರುವುದರಿಂದ ಎರಡನ್ನೂ ಜೋಡಿಯಾಗಿ ಓದಬೇಕು.

ಸ್ವಾತಂತ್ರ್ಯಪೂರ್ವದ ಸೇನಾ ಇಲಾಖೆಯ ಕಡತಗಳು ದೆಹಲಿಯ ಜನಪಥದಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಕೆಲವನ್ನು ‘ಅಭಿಲೇಖ್ ಪಟಲ್’ ಎಂಬ ಅದರ ಜಾಲತಾಣದಲ್ಲಿ ನೋಡಬಹುದು. ಲಂಡನ್ನಿಗೆ ಹೋಗಿದ್ದ ಪ್ರತಿಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. 1947ರ ನಂತರದ ಕಡತಗಳ ವಿಷಯದಲ್ಲಿ ತಾಳ್ಮೆ ಬೇಕು. 25 ವರ್ಷ ಕಳೆದ ದಾಖಲೆಗಳು ಪತ್ರಾಗಾರಕ್ಕೆ ಬರಬೇಕೆಂಬುದು 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಮತ್ತು ಅದರ ನಿಯಮಗಳ ಆಶಯ, ಆದರೆ ರಕ್ಷಣೆಯ ಕಡತಗಳು ಹಾಗೆ ಸರಾಗವಾಗಿ ಬಂದಿಲ್ಲ. 2021ರ ಜೂನ್‌ನಲ್ಲಿ ಸಚಿವಾಲಯವೇ ಒಂದು ನೀತಿ ಪ್ರಕಟಿಸಿ, ಯುದ್ಧ ಮತ್ತು ಕಾರ್ಯಾಚರಣೆಗಳ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಬಹಿರಂಗಪಡಿಸಬೇಕು ಎಂದಿತು. ಅದಾಗಿಯೂ 1962ರ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ವರದಿಯನ್ನು ಸರ್ಕಾರ ಪ್ರಕಟಿಸಿಲ್ಲ. 2014ರಲ್ಲಿ ಅದರ ಒಂದು ಭಾಗ ಮಾತ್ರ ಅಂತರ್ಜಾಲದಲ್ಲಿ ಹೊರಬಂತು. ಅರವತ್ತು ವರ್ಷ ದಾಟಿದ ಒಂದು ಸೋಲನ್ನು ಅರಿಯುವ ಹಕ್ಕು ಈ ದೇಶದ ಜನರಿಗೆ ಇದೆಯೆಂದು ನಾನು ದೃಢವಾಗಿ ನಂಬಿದ್ದೇನೆ.

ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕುವುದಾದರೆ 8ನೆಯ ಪ್ರಕರಣವನ್ನು ಮೊದಲು ಓದಿ. 20 ವರ್ಷ ಹಳೆಯ ಘಟನೆಗಳ ಮಾಹಿತಿಯನ್ನು ಕೊಡಬೇಕೆಂದು ಅದರ 3ನೆಯ ಉಪಪ್ರಕರಣ ಹೇಳಿದರೂ, ದೇಶದ ಭದ್ರತೆಗೆ ಸಂಬಂಧಿಸಿದ ವಿನಾಯಿತಿ ಆಗಲೂ ಉಳಿಯುತ್ತದೆ. ಆದ್ದರಿಂದ ‘ಇಂಥ ಯುದ್ಧದ ಎಲ್ಲ ಕಡತಗಳನ್ನು ಕೊಡಿ’ ಎಂದು ಕೇಳಬೇಡಿ. ಇಂಥ ವರ್ಷದಲ್ಲಿ ಸಚಿವರಿಗೆ ಒಪ್ಪಿಸಲಾಗಿದ್ದ ಆರ್ಥಿಕ ಮಂಜೂರಾತಿಯ ಮಿತಿ ಎಷ್ಟಿತ್ತು, ಇಂಥ ಇಲಾಖೆಯನ್ನು ರಚಿಸಿದ ಆದೇಶದ ಪ್ರತಿ ಎಲ್ಲಿದೆ ಎಂಬಂಥ ಆಡಳಿತಾತ್ಮಕ ಪ್ರಶ್ನೆಗಳನ್ನು ಒಂದು ಅರ್ಜಿಗೆ ಒಂದರಂತೆ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಿಮ್ಮ ಪ್ರಶ್ನೆಗೆ ಬೇಕಾದದ್ದು ಇಂಥ ಒಣ ಆದೇಶಗಳೇ.

ಕನ್ನಡ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಮರೆಯಬೇಡಿ. ‘ಪ್ರಜಾವಾಣಿ’ 1948ರಲ್ಲಿ ಆರಂಭವಾದದ್ದರಿಂದ ಬಲದೇವ್ ಸಿಂಗ್ ಅವರ ಕಾಲದಿಂದಲೇ ದೆಹಲಿಯ ಸುದ್ದಿ ನಮ್ಮ ಭಾಷೆಯಲ್ಲಿ ಹೇಗೆ ಬಂತು ಎಂಬುದನ್ನು ನೋಡಬಹುದು. ‘ದೇಶರಕ್ಷಣಾ ಮಂತ್ರಿ’, ‘ರಕ್ಷಣಾ ಮಂತ್ರಿ’, ‘ರಕ್ಷಣಾ ಸಚಿವ’ ಎಂಬ ಪದಗಳಲ್ಲಿ ಯಾವುದು ಯಾವಾಗ ಹೆಚ್ಚು ಬಳಕೆಯಲ್ಲಿತ್ತು ಎಂದು ಗುರುತು ಹಾಕುತ್ತ ಹೋದರೆ ಅದೇ ಒಂದು ಸಣ್ಣ ಅಧ್ಯಾಯವಾಗುತ್ತದೆ.

ಬೆಂಗಳೂರಿನಲ್ಲಿರುವವರು ತಮ್ಮ ಊರಿನಿಂದಲೇ ಒಂದು ಎಳೆಯನ್ನು ಹಿಡಿಯಬಹುದು. ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಆರಂಭಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1951ರ ಜನವರಿಯಲ್ಲಿ ರಕ್ಷಣಾ ಸಚಿವಾಲಯದ ಆಡಳಿತಕ್ಕೆ ಬಂತು. ಅಂದಿನಿಂದ ಸಚಿವರ ಹುದ್ದೆಗೆ ಹೊಸದೊಂದು ಮುಖ ಬಂತು. ಸೇನೆಗೆ ಸರಕು ಕೊಳ್ಳುವವರೂ ಅವರೇ, ಸರಕು ತಯಾರಿಸುವ ಕಾರ್ಖಾನೆಯ ಯಜಮಾನರೂ ಅವರೇ. 1961ರ ಜೂನ್ 24ರಂದು ಇದೇ ಊರಿನಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನದ ಅಧಿಕೃತ ಹಾರಾಟವನ್ನು ಕೃಷ್ಣ ಮೆನನ್ ನೋಡಿದರು. ಮೊದಲ ಹಾರಾಟ ಒಂದು ವಾರ ಮೊದಲೇ, ಜೂನ್ 17ರಂದು ಆಗಿತ್ತು. 1962ರ ಸೋಲಿನ ಹೊಣೆಯನ್ನು ಹೊತ್ತ ಸಚಿವರೇ ಸ್ವದೇಶಿ ತಯಾರಿಕೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. 1958ರಲ್ಲಿ ರಕ್ಷಣಾ ಸಂಶೋಧನೆಯ ಸಂಸ್ಥೆ ಡಿಆರ್‌ಡಿಒ ಸ್ಥಾಪನೆಯಾದದ್ದೂ ಅವರ ಕಾಲದಲ್ಲೇ. ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ ಒಟ್ಟಿಗೆ ಹಿಡಿಯಲು ಆಗದಿದ್ದರೆ ಮೆನನ್ ಅವರ ಭಾಗವನ್ನು ಮತ್ತೆ ಬರೆಯಿರಿ.

ಆತ್ಮಕಥೆಗಳ ಸರದಿ ಈಗ. ಪ್ರತಿಯೊಂದರಲ್ಲೂ ಅದನ್ನು ಬರೆದ ವರ್ಷವನ್ನು ಮೊದಲ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಒಬ್ಬ ಸಚಿವರು ‘ಹೀಗೆ ಆದೇಶ ಕೊಟ್ಟರು’ ಎಂಬ ಮಾತನ್ನು, ಅವರ ವಿರೋಧಿಯ ಬರಹದಲ್ಲೋ ದಾಖಲೆಯಲ್ಲೋ ಬೇರೊಂದು ಆಧಾರ ಸಿಗುವವರೆಗೆ, ಬರೆದವರ ಹೇಳಿಕೆಯೆಂದು ಮಾತ್ರ ಉದ್ಧರಿಸಿ.

ಕೊನೆಯ ಅಧ್ಯಾಯಕ್ಕೆ ಎರಡು ತಿರುವುಗಳು

ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ, ಅದರ ಬೆನ್ನಿಗೆ ಸಚಿವರ ಗುಂಪು ವರದಿ ಕೊಟ್ಟವು. 2001ರಲ್ಲಿ ರಕ್ಷಣಾ ಸಚಿವರ ಅಧ್ಯಕ್ಷತೆಯಲ್ಲಿ ರಕ್ಷಣಾ ಖರೀದಿ ಮಂಡಳಿ ರೂಪುಗೊಂಡಿತು; ಸೇನಾ ಮುಖ್ಯಸ್ಥರೂ ಕಾರ್ಯದರ್ಶಿಗಳೂ ಒಂದೇ ಮೇಜಿನ ಸುತ್ತ ಕುಳಿತು ಖರೀದಿಯ ಅಗತ್ಯವನ್ನು ಅಂಗೀಕರಿಸುವ ಪದ್ಧತಿ ಬಂತು. 2006ರಿಂದ 2014ರವರೆಗೆ, ಈ ಹುದ್ದೆಯಲ್ಲಿ ಅತಿ ದೀರ್ಘಕಾಲ ನಿರಂತರವಾಗಿ ಇದ್ದ ಎ. ಕೆ. ಆಂಟನಿ ಅವರ ಅವಧಿಯನ್ನು ಈ ಮಂಡಳಿಯ ಕಾರ್ಯವಿಧಾನದ ಮೂಲಕ ಓದುವುದು ಫಲಪ್ರದ.

ಇನ್ನೊಂದು ತಿರುವು 2019ರ ಡಿಸೆಂಬರ್‌ನದು. ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆಯನ್ನೂ ಅವರನ್ನೇ ಕಾರ್ಯದರ್ಶಿಯಾಗಿ ಹೊಂದಿರುವ ಸೇನಾ ವ್ಯವಹಾರಗಳ ಇಲಾಖೆಯನ್ನೂ ಸಂಪುಟ ಮಂಜೂರು ಮಾಡಿತು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಅಧಿಕಾರ ವಹಿಸಿಕೊಂಡರು. ದೇಶದ ರಕ್ಷಣೆಯ ಒಟ್ಟು ಹೊಣೆ ಮತ್ತು ದೊಡ್ಡ ಬಂಡವಾಳ ಖರೀದಿ ರಕ್ಷಣಾ ಇಲಾಖೆಯಲ್ಲೇ ಉಳಿದವು, ಮೂರು ಪಡೆಗಳಿಗೆ ಸಂಬಂಧಿಸಿದ ಕೆಲಸ ಹೊಸ ಇಲಾಖೆಗೆ ಹೋಯಿತು. ಸಮವಸ್ತ್ರ ಧರಿಸಿದ ಅಧಿಕಾರಿಯೊಬ್ಬರು ಭಾರತ ಸರ್ಕಾರದ ಕಾರ್ಯದರ್ಶಿಯಾಗಿ ಸಚಿವರಿಗೆ ನೇರವಾಗಿ ಕಡತ ಮಂಡಿಸುವುದು ಇದೇ ಮೊದಲು. 1905ರ ಅಧ್ಯಾಯವನ್ನು ಮತ್ತೆ ತೆರೆದು, ಅಂದಿನ ಎರಡು ಮೇಜುಗಳ ನಕ್ಷೆಯ ಪಕ್ಕದಲ್ಲಿ ಇಂದಿನ ಮೇಜುಗಳ ನಕ್ಷೆಯನ್ನು ಬರೆಯಿರಿ. ಯಾವ ವಿಷಯದ ಕಡತ ಯಾವ ಕಾರ್ಯದರ್ಶಿಯಿಂದ ಹೊರಟು ಸಚಿವರನ್ನು ತಲುಪುತ್ತದೆ ಎಂಬುದನ್ನು ಬಾಣದ ಗುರುತಿನಿಂದ ತೋರಿಸಿ, ಕೆಳಗೆ ಆ ನಕ್ಷೆಗೆ ಆಧಾರವಾದ ರಾಜ್ಯಪತ್ರದ ದಿನಾಂಕವನ್ನು ನಮೂದಿಸಿ. ತಿದ್ದುಪಡಿ ಬಂದಾಗ ಆ ಹಾಳೆಯನ್ನು ಬದಲಿಸಲು ಪಕ್ಕದಲ್ಲಿ ಒಂದು ಖಾಲಿ ಪುಟ ಬಿಟ್ಟಿರಿ.